ರೂತ್ ಹ್ಯಾಂಡ್ಲರ್

ರೂತ್ ಹ್ಯಾಂಡ್ಲರ್ (4 ನವೆಂಬರ್ 1916 – 27 ಏಪ್ರಿಲ್ 2002) ಅಮೆರಿಕದ ಉದ್ಯಮಿ. ಮ್ಯಾಟೆಲ್ ಆಟಿಕೆ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಇವರು ಬಾರ್ಬಿ ಗೊಂಬೆಯ ನಿರ್ಮಾತೃ ಎಂದು ಪ್ರಸಿದ್ಧರು. 2023ರಲ್ಲಿ ತೆರೆಕಂಡ ಬಾರ್ಬಿ ಚಲನಚಿತ್ರದಲ್ಲಿ ಇವರದೂ ಒಂದು ಪಾತ್ರವಿದ್ದು, ಆ ಮೂಲಕ ಇವರ ಹೆಸರು ಹೊಸ ತಲೆಮಾರಿಗೆ ಪರಿಚಯವಾಯಿತು. ಆದರೆ ಚಿತ್ರದಲ್ಲಿ ಕಾಣುವ ಮೃದು ಸ್ವಭಾವದ ಅಜ್ಜಿಗೂ ನಿಜಜೀವನದ ರೂತ್ ಅವರಿಗೂ ಸಾಕಷ್ಟು ಅಂತರವಿದೆ.

ಬಾಲ್ಯ ಮತ್ತು ವಿವಾಹ

ರೂತ್ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಜನಿಸಿದರು. ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಗಳ ಹತ್ತು ಮಕ್ಕಳಲ್ಲಿ ಇವರೇ ಕಿರಿಯರು. ತಾಯಿಯ ಅನಾರೋಗ್ಯದ ಕಾರಣ ಶಿಶುವಾಗಿದ್ದಾಗಲೇ ಹಿರಿಯಕ್ಕ ಸಾರಾ ಅವರ ಮನೆ ಸೇರಿದರು. ಅಕ್ಕ ಮತ್ತು ಭಾವ ನಡೆಸುತ್ತಿದ್ದ ಔಷಧದ ಅಂಗಡಿಯಲ್ಲಿ ಎಳವೆಯಿಂದಲೇ ಕೆಲಸ ಮಾಡಿದ್ದರಿಂದ ವ್ಯಾಪಾರದ ಒಲವು ಅಲ್ಲಿಯೇ ಮೊಳೆಯಿತು. 1930ರ ದಶಕದಲ್ಲಿ ಲಾಸ್ ಏಂಜಲಿಸ್‌ಗೆ ತೆರಳಿ ಪ್ಯಾರಾಮೌಂಟ್ ಚಿತ್ರಸಂಸ್ಥೆಯಲ್ಲಿ ಶೀಘ್ರಲಿಪಿಗಾರ್ತಿಯಾಗಿ ದುಡಿದರು. ಕಲಾವಿದ್ಯಾರ್ಥಿಯಾಗಿದ್ದ ಎಲಿಯಟ್ ಹ್ಯಾಂಡ್ಲರ್ ಅವರನ್ನು 1938ರಲ್ಲಿ ವಿವಾಹವಾದರು. ದಂಪತಿಗಳಿಗೆ ಬಾರ್ಬರಾ ಎಂಬ ಮಗಳೂ ಕೆನೆತ್ ಎಂಬ ಮಗನೂ ಜನಿಸಿದರು. ಎರಡು ಗೊಂಬೆಗಳ ಹೆಸರಿನ ಮೂಲ ಈ ಮಕ್ಕಳೇ.

ಮ್ಯಾಟೆಲ್ ಸ್ಥಾಪನೆ

ಎಲಿಯಟ್ ಹೊಸ ಬಗೆಯ ಪ್ಲಾಸ್ಟಿಕ್ಕಿನಿಂದ ಮನೆಬಳಕೆಯ ವಸ್ತುಗಳನ್ನು ತಯಾರಿಸುತ್ತಿದ್ದರು; ಅವುಗಳಿಗೆ ಗಿರಾಕಿ ಹುಡುಕುವ ಹೊಣೆ ರೂತ್ ಅವರದು. ಗಂಡ ವಿನ್ಯಾಸಕಾರ, ಹೆಂಡತಿ ಮಾರಾಟಗಾರ್ತಿ ಎಂಬ ಈ ಹಂಚಿಕೆ ಕೊನೆಯವರೆಗೂ ಬದಲಾಗಲಿಲ್ಲ. 1945ರಲ್ಲಿ ಹೆರಾಲ್ಡ್ ಮ್ಯಾಟ್ಸನ್ ಎಂಬ ಪಾಲುದಾರರೊಡನೆ ಕಂಪನಿಯೊಂದು ಹುಟ್ಟಿತು. ಮ್ಯಾಟ್ಸನ್ ಮತ್ತು ಎಲಿಯಟ್ ಎಂಬ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದಕ್ಕೆ ಮ್ಯಾಟೆಲ್ ಎಂದು ಹೆಸರಿಡಲಾಯಿತು. ಸ್ಥಾಪಕರಲ್ಲಿ ಮೂರನೆಯವರಾದ ರೂತ್ ಅವರ ಹೆಸರಿನ ಒಂದಕ್ಷರವೂ ಅದರಲ್ಲಿಲ್ಲ.

ಆರಂಭದಲ್ಲಿ ಕಂಪನಿ ಚಿತ್ರಪಟಗಳ ಚೌಕಟ್ಟುಗಳನ್ನು ತಯಾರಿಸುತ್ತಿತ್ತು. ಉಳಿದ ಮರದ ತುಂಡುಗಳಿಂದ ಗೊಂಬೆಮನೆಯ ಪೀಠೋಪಕರಣಗಳನ್ನು ಮಾಡಿದಾಗ ಅವೇ ಹೆಚ್ಚು ಲಾಭ ತಂದವು. ಮ್ಯಾಟ್ಸನ್ ಅನಾರೋಗ್ಯದಿಂದ ಬೇಗನೆ ಹೊರನಡೆದರು.

1955ರಲ್ಲಿ ಡಿಸ್ನಿಯ ಮಕ್ಕಳ ದೂರದರ್ಶನ ಕಾರ್ಯಕ್ರಮವಾದ ಮಿಕ್ಕಿ ಮೌಸ್ ಕ್ಲಬ್‌ನಲ್ಲಿ ಇಡೀ ವರ್ಷ ಜಾಹೀರಾತು ನೀಡಲು ಮ್ಯಾಟೆಲ್ ಒಪ್ಪಿತು. ಇದಕ್ಕೆ ತಗುಲಿದ್ದು 5 ಲಕ್ಷ ಡಾಲರ್, ಹೆಚ್ಚುಕಡಿಮೆ ಕಂಪನಿಯ ಒಟ್ಟು ಮೌಲ್ಯದಷ್ಟೇ ಹಣ. ಅದುವರೆಗೆ ಆಟಿಕೆಗಳ ಜಾಹೀರಾತು ಕ್ರಿಸ್‌ಮಸ್ ಸಮಯಕ್ಕೆ ಸೀಮಿತವಾಗಿತ್ತು, ಅದೂ ತಂದೆತಾಯಿಯರನ್ನು ಉದ್ದೇಶಿಸಿರುತ್ತಿತ್ತು. ಮಕ್ಕಳೊಡನೆ ನೇರವಾಗಿ, ವರ್ಷವಿಡೀ ಮಾತನಾಡುವ ಈ ಕ್ರಮ ಆಟಿಕೆ ಉದ್ಯಮದ ದಿಕ್ಕನ್ನೇ ಬದಲಿಸಿತು. ನಾಲ್ಕು ವರ್ಷಗಳ ಬಳಿಕ ಬಾರ್ಬಿಯನ್ನು ಉಳಿಸಿದ್ದೂ ಇದೇ ದಾರಿ.

ಬಾರ್ಬಿಯ ಹುಟ್ಟು

ಆಗಿನ ಅಮೆರಿಕದಲ್ಲಿ ಹುಡುಗಿಯರಿಗೆ ಸಿಗುತ್ತಿದ್ದ ಗೊಂಬೆಗಳು ಬಹುಪಾಲು ಶಿಶುಗಳ ರೂಪದವು. ಅವುಗಳೊಡನೆ ಆಡುವ ಹುಡುಗಿಗೆ ತಾಯಿಯ ಪಾತ್ರವೊಂದೇ ಲಭ್ಯ. ಆದರೆ ಮಗಳು ಬಾರ್ಬರಾ ಮತ್ತು ಅವಳ ಗೆಳತಿಯರು ವಯಸ್ಕ ಸ್ತ್ರೀಯರ ಕಾಗದದ ಗೊಂಬೆಗಳಿಗೆ ಬಟ್ಟೆ ಬದಲಿಸುತ್ತ, ತಾವು ಮುಂದೆ ಏನಾಗುವೆವೆಂದು ಕಲ್ಪಿಸಿಕೊಳ್ಳುತ್ತಿದ್ದುದನ್ನು ರೂತ್ ಗಮನಿಸಿದರು. ಕಾಗದದ ಬದಲು ಮೂರು ಆಯಾಮದ ಗೊಂಬೆ ಇದ್ದರೆ ಹೇಗೆ ಎಂಬ ಯೋಚನೆ ಅಲ್ಲಿಂದ ಮೂಡಿತು. ಎಲಿಯಟ್ ಮತ್ತು ಕಂಪನಿಯ ಇತರ ಪುರುಷರು ಇದನ್ನು ಒಪ್ಪಲಿಲ್ಲ. ಸ್ತನಗಳಿರುವ ಗೊಂಬೆಯನ್ನು ಯಾವ ತಾಯಿಯೂ ಕೊಳ್ಳಲಾರಳು, ತಯಾರಿಕೆಯ ಖರ್ಚೂ ಗಿಟ್ಟದು ಎಂಬುದು ಅವರ ವಾದವಾಗಿತ್ತು. (ವಯಸ್ಕ ರೂಪದ ಗೊಂಬೆ ಕನ್ನಡಿಗರಿಗೆ ಹೊಸತೇನಲ್ಲ, ದಸರೆಯಲ್ಲಿ ಕೂರಿಸುವ ಪಟ್ಟದ ಗೊಂಬೆಗಳು ರಾಜ–ರಾಣಿಯರವು. ಆದರೆ ಅವು ಪೂಜೆಗೆ ಮತ್ತು ನೋಟಕ್ಕೆ ಇರುವಂಥವು, ಮಕ್ಕಳ ಕೈಗೆ ಆಡಲು ಕೊಡುವಂಥವಲ್ಲ.)

1956ರಲ್ಲಿ ಕುಟುಂಬದೊಡನೆ ಸ್ವಿಟ್ಜರ್ಲೆಂಡ್ ಪ್ರವಾಸದಲ್ಲಿದ್ದಾಗ ರೂತ್ ಬಿಲ್ಡ್ ಲಿಲಿ ಎಂಬ ಜರ್ಮನ್ ಗೊಂಬೆಯನ್ನು ಕಂಡರು. ಬಿಲ್ಡ್ ಪತ್ರಿಕೆಯ ವ್ಯಂಗ್ಯಚಿತ್ರ ಮಾಲಿಕೆಯ ಚೆಲುವೆಯೊಬ್ಬಳನ್ನು ಆಧರಿಸಿದ ಈ ಗೊಂಬೆ ಮೂಲತಃ ವಯಸ್ಕರಿಗಾಗಿ ತಯಾರಾದದ್ದು. ಅವರು ಮನಸ್ಸಿನಲ್ಲಿ ಕಂಡಿದ್ದ ಆಕಾರ ಅಲ್ಲಿ ಸಿದ್ಧವಾಗಿತ್ತು. ಕೆಲವು ಲಿಲಿ ಗೊಂಬೆಗಳನ್ನು ಕೊಂಡು ಅಮೆರಿಕಕ್ಕೆ ತಂದರು. ಹಿಂದೆ ಕ್ಷಿಪಣಿ ತಂತ್ರಜ್ಞಾನದಲ್ಲಿ ಕೆಲಸ ಮಾಡಿದ್ದ ಮ್ಯಾಟೆಲ್‌ನ ಎಂಜಿನಿಯರ್ ಜಾಕ್ ರಯಾನ್ ತಯಾರಿಕೆಯ ತಾಂತ್ರಿಕ ಭಾಗವನ್ನೂ ಷಾರ್ಲಟ್ ಜಾನ್ಸನ್ ಉಡುಪುಗಳ ವಿನ್ಯಾಸವನ್ನೂ ವಹಿಸಿಕೊಂಡರು. ಗೊಂಬೆಗಳು ಜಪಾನಿನಲ್ಲಿ ತಯಾರಾದವು. ಪುಟ್ಟ ಬಟ್ಟೆಗಳನ್ನು ಅಲ್ಲಿನವರು ಮನೆಗಳಲ್ಲಿ ಕುಳಿತು ಕೈಯಿಂದ ಹೊಲಿದರು. ಲಿಲಿಯ ಋಣವನ್ನು ಬಾರ್ಬಿಯ ಅಧಿಕೃತ ಕಥನ ಬಹುಕಾಲ ಮುಂದೆ ತರಲಿಲ್ಲ. 1964ರಲ್ಲಿ ಮ್ಯಾಟೆಲ್ ಲಿಲಿಯ ಹಕ್ಕುಗಳನ್ನು ಕೊಂಡ ಮೇಲೆ ಆ ಗೊಂಬೆಯ ತಯಾರಿಕೆ ನಿಂತಿತು.

9 ಮಾರ್ಚ್ 1959ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಬಾರ್ಬಿ ಮೊದಲ ಬಾರಿ ಕಾಣಿಸಿಕೊಂಡಿತು. ಕಪ್ಪು–ಬಿಳಿ ಪಟ್ಟೆಯ ಈಜುಡುಗೆ ತೊಟ್ಟಿದ್ದ ಗೊಂಬೆಯ ಬೆಲೆ 3 ಡಾಲರ್. ಮೇಳಕ್ಕೆ ಬಂದಿದ್ದ ಸಗಟು ಖರೀದಿದಾರರಲ್ಲಿ ಹೆಚ್ಚಿನವರು ಉತ್ಸಾಹ ತೋರಲಿಲ್ಲ. ಆದರೆ ದೂರದರ್ಶನದ ಜಾಹೀರಾತು ನೋಡಿದ ಮಕ್ಕಳು ಅಂಗಡಿಗಳಲ್ಲಿ ಕೇಳತೊಡಗಿದಾಗ ಸ್ಥಿತಿ ಬದಲಾಗಿ, ಮೊದಲ ವರ್ಷದಲ್ಲೇ 3 ಲಕ್ಷಕ್ಕೂ ಹೆಚ್ಚು ಗೊಂಬೆಗಳು ಮಾರಾಟವಾದವು. 1961ರಲ್ಲಿ ಬಾರ್ಬಿಯ ಜೊತೆಗಾರನಾಗಿ ಕೆನ್ ಬಂದಿತು. ಅಕ್ಕ–ತಮ್ಮಂದಿರಾಗಿ ಅಲ್ಲ, ಪ್ರೇಮಿಗಳಾಗಿ ಈ ಹೆಸರುಗಳು ಜಗತ್ತಿಗೆ ಪರಿಚಯವಾದದ್ದು ಹ್ಯಾಂಡ್ಲರ್ ಮಕ್ಕಳಿಗೆ ಮುಜುಗರದ ಸಂಗತಿಯಾಗಿತ್ತು.

ಬಾರ್ಬಿಯ ಅಸಹಜ ದೇಹಪ್ರಮಾಣ ಹುಡುಗಿಯರಲ್ಲಿ ತಮ್ಮ ಶರೀರದ ಬಗ್ಗೆ ಕೀಳರಿಮೆ ಹುಟ್ಟಿಸುತ್ತದೆಂಬ ಟೀಕೆ 1970ರ ದಶಕದಿಂದ ಬಲವಾಯಿತು. ರೂತ್ ಇದನ್ನು ಒಪ್ಪಲಿಲ್ಲ. ಮದುವೆಯಾಗದ, ಸ್ವಂತ ದುಡಿಮೆಯಿರುವ, 1965ರಷ್ಟು ಹಿಂದೆಯೇ ಗಗನಯಾತ್ರಿಯ ಉಡುಪು ಧರಿಸಿದ ಗೊಂಬೆ ಹುಡುಗಿಯರ ಮುಂದೆ ಆಯ್ಕೆಗಳನ್ನಿಟ್ಟಿತು ಎಂಬುದು ಅವರ ನಿಲುವು. ಎರಡೂ ಮಾತುಗಳಲ್ಲಿ ಹುರುಳಿದ್ದು, ಚರ್ಚೆ ಇಂದಿಗೂ ಮುಗಿದಿಲ್ಲ.

ಪತನ

1967ರಲ್ಲಿ ರೂತ್ ಮ್ಯಾಟೆಲ್‌ನ ಅಧ್ಯಕ್ಷರಾದರು. 1970ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗಿ ಒಂದು ಸ್ತನವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಯಿತು. ಇದೇ ಕಾಲಕ್ಕೆ ಕಂಪನಿಯೂ ಸಂಕಷ್ಟಕ್ಕೆ ಸಿಲುಕಿತು. ಮೆಕ್ಸಿಕೊದ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಬಂದರು ಕಾರ್ಮಿಕರ ಮುಷ್ಕರದಿಂದ ಸರಕು ಸಾಗಣೆ ನಿಂತಿತು. ಷೇರುದಾರರಿಗೆ ಸತತ ಬೆಳವಣಿಗೆ ತೋರಿಸಬೇಕಾದ ಒತ್ತಡದಲ್ಲಿ, ಇನ್ನೂ ಗೋದಾಮಿನಲ್ಲೇ ಇದ್ದ ಸರಕನ್ನು ಮಾರಾಟವಾಗಿದೆಯೆಂದು ಲೆಕ್ಕಪುಸ್ತಕದಲ್ಲಿ ಬರೆಯಲಾಯಿತು. ಷೇರು ವ್ಯವಹಾರಗಳ ಮೇಲೆ ನಿಗಾ ಇಡುವ ಸರ್ಕಾರಿ ಆಯೋಗದ ತನಿಖೆಯ ನಡುವೆ, 1975ರಲ್ಲಿ ಹ್ಯಾಂಡ್ಲರ್ ದಂಪತಿಗಳು ತಾವೇ ಕಟ್ಟಿದ ಕಂಪನಿಯಿಂದ ಹೊರಬಂದರು.

1978ರಲ್ಲಿ ರೂತ್ ಮತ್ತು ಕೆಲವು ಅಧಿಕಾರಿಗಳ ಮೇಲೆ ಸುಳ್ಳು ಹಣಕಾಸು ವರದಿಗಳ ಆರೋಪ ಹೊರಿಸಲಾಯಿತು. ತಾವು ನಿರಪರಾಧಿ ಎನ್ನುತ್ತಲೇ ಅವರು ಆರೋಪವನ್ನು ನ್ಯಾಯಾಲಯದಲ್ಲಿ ಪ್ರತಿಭಟಿಸದಿರಲು ನಿರ್ಧರಿಸಿದರು. ನ್ಯಾಯಾಲಯ ಸೆರೆವಾಸದ ಬದಲು 57,000 ಡಾಲರ್ ದಂಡ ಹಾಗೂ 2,500 ಗಂಟೆಗಳ ಸಮುದಾಯ ಸೇವೆ ವಿಧಿಸಿತು.

ನಿಯರ್ಲಿ ಮಿ

ಶಸ್ತ್ರಚಿಕಿತ್ಸೆಯ ನಂತರ ಮಾರುಕಟ್ಟೆಯಲ್ಲಿ ದೊರೆತ ಕೃತಕ ಸ್ತನಗಳು ರೂತ್ ಅವರಿಗೆ ತೃಪ್ತಿ ನೀಡಲಿಲ್ಲ. ಎಡ–ಬಲಗಳ ಭೇದವೇ ಇಲ್ಲದ ಆಕಾರಹೀನ ವಸ್ತುಗಳು ಅವು. ಪೇಟನ್ ಮ್ಯಾಸಿ ಎಂಬ ಕುಶಲಕರ್ಮಿಯೊಡನೆ ಸೇರಿ ನಿಜವಾದ ಆಕಾರ ಮತ್ತು ತೂಕಕ್ಕೆ ಹತ್ತಿರವಾದ ಕೃತಕ ಸ್ತನವನ್ನು ಅಭಿವೃದ್ಧಿಪಡಿಸಿ, ನಿಯರ್ಲಿ ಮಿ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಬೂಟುಗಳಂತೆ ಎಡಕ್ಕೂ ಬಲಕ್ಕೂ ಬೇರೆಬೇರೆ ಅಚ್ಚು, ಹಲವು ಅಳತೆಗಳು. ಅಂಗಡಿಗಳಿಗೆ ತಾವೇ ಹೋಗಿ ಮಹಿಳೆಯರಿಗೆ ಅಳತೆ ನೋಡಿ ತೊಡಿಸುತ್ತಿದ್ದರು. ಅಮೆರಿಕದ ಮಾಜಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಇವರ ಗ್ರಾಹಕರಲ್ಲೊಬ್ಬರು. ಸ್ತನ ಕ್ಯಾನ್ಸರ್ ಬಗ್ಗೆ ಬಹಿರಂಗವಾಗಿ ಮಾತನಾಡಲು ಜನ ಹಿಂಜರಿಯುತ್ತಿದ್ದ ಕಾಲವದು. ಕಂಪನಿಯನ್ನು 1991ರಲ್ಲಿ ಮಾರಲಾಯಿತು. ಬಾರ್ಬಿಯಷ್ಟು ಹೆಸರು ತರದಿದ್ದರೂ ರೂತ್ ಅವರ ಕೆಲಸಗಳಲ್ಲಿ ಇದು ಕಡಿಮೆಯದೇನಲ್ಲ.

1994ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಅದೇ ವರ್ಷ ಮಗ ಕೆನೆತ್ ನಿಧನರಾದರು. ರೂತ್ ಲಾಸ್ ಏಂಜಲಿಸ್‌ನಲ್ಲಿ ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು. ಎಲಿಯಟ್ 2011ರವರೆಗೆ ಬದುಕಿದ್ದರು.

ಬಾರ್ಬಿ ಚಲನಚಿತ್ರದಲ್ಲಿ

ರೂತ್ ನಿಧನರಾದ ಎರಡು ದಶಕಗಳ ಬಳಿಕ, 21 ಜುಲೈ 2023ರಂದು, ಗ್ರೆಟಾ ಗರ್ವಿಗ್ ನಿರ್ದೇಶನದ ಬಾರ್ಬಿ ಚಿತ್ರ ಅಮೆರಿಕ ಮತ್ತು ಭಾರತಗಳಲ್ಲಿ ಬಿಡುಗಡೆಯಾಯಿತು. ವಿಶ್ವಾದ್ಯಂತ ಸುಮಾರು 144 ಕೋಟಿ ಡಾಲರ್ ಗಳಿಸಿ ಆ ವರ್ಷದ ಅತಿ ಹೆಚ್ಚು ಗಳಿಕೆಯ ಚಿತ್ರವೆನಿಸಿತು. ಮಾರ್ಗೊ ರಾಬಿ ಬಾರ್ಬಿಯಾಗಿ, ರೈಯನ್ ಗಾಸ್ಲಿಂಗ್ ಕೆನ್ ಆಗಿ, ರೇಯಾ ಪರ್ಲ್‌ಮನ್ ರೂತ್ ಆಗಿ ನಟಿಸಿದರು.

ಚಿತ್ರೀಕರಣದ ಬಹುಭಾಗ ನಡೆದದ್ದು ಇಂಗ್ಲೆಂಡಿನ ಲೀವ್ಸ್‌ಡನ್ ಸ್ಟುಡಿಯೊದಲ್ಲಿ. ಬಾರ್ಬಿಲೋಕದ ಆಕಾಶ ಮತ್ತು ಬೆಟ್ಟಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸುವ ಬದಲು, ಹಳೆಯ ನಾಟಕ ಕಂಪನಿಗಳ ಪರದೆಗಳಂತೆ ಬೃಹತ್ ಪರದೆಯ ಮೇಲೆ ಕೈಯಿಂದ ಚಿತ್ರಿಸಲಾಯಿತು. ಕಲಾ ನಿರ್ದೇಶನದ ಹೊಣೆ ಹೊತ್ತ ಸಾರಾ ಗ್ರೀನ್‌ವುಡ್ ಮತ್ತು ಕೇಟಿ ಸ್ಪೆನ್ಸರ್ ಮನೆಗಳನ್ನು ಸಹಜ ಅಳತೆಗಿಂತ ಶೇ. 23ರಷ್ಟು ಚಿಕ್ಕದಾಗಿ ಕಟ್ಟಿಸಿದರು. ಇದರಿಂದ ನಟರು ಗೊಂಬೆಮನೆಯೊಳಗಿನ ಗೊಂಬೆಗಳಂತೆ ತುಸು ದೊಡ್ಡದಾಗಿ ಕಾಣುತ್ತಾರೆ. ಈ ಚಿತ್ರದಿಂದಾಗಿ ಜಗತ್ತಿನಲ್ಲಿ ಗುಲಾಬಿ ಬಣ್ಣವೇ ಖಾಲಿಯಾಯಿತೆಂಬ ಸುದ್ದಿ ಹರಡಿತ್ತು. ಚಿತ್ರತಂಡ ಅಪಾರ ಬಣ್ಣ ಬಳಸಿದ್ದು ನಿಜ. ಆದರೆ ಕೋವಿಡ್ ಮತ್ತು ಟೆಕ್ಸಾಸ್‌ನ ತೀವ್ರ ಚಳಿಯ ಹೊಡೆತದಿಂದ ಆ ಬಣ್ಣದ ದಾಸ್ತಾನು ಮೊದಲೇ ಕುಗ್ಗಿತ್ತು.

ಆರಂಭದ ದೃಶ್ಯ ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನದ 2001: ಎ ಸ್ಪೇಸ್ ಒಡಿಸ್ಸಿ ಚಿತ್ರದ ಅಣಕು. 1959ರ ಪಟ್ಟೆಯ ಈಜುಡುಗೆಯಲ್ಲಿ ದೈತ್ಯ ಬಾರ್ಬಿ ಎದುರಾದಾಗ ಹುಡುಗಿಯರು ಶಿಶುಗೊಂಬೆಗಳನ್ನು ಒಡೆದುಹಾಕುತ್ತಾರೆ. ರೂತ್ ಅವರ ಮೂಲ ಯೋಚನೆಯನ್ನು ಇಷ್ಟು ಅಡಕವಾಗಿ ಹೇಳುವ ದೃಶ್ಯ ಚಿತ್ರದಲ್ಲಿ ಮತ್ತೊಂದಿಲ್ಲ.

ರೂತ್ ಪಾತ್ರ ಮೊದಲು ಕಾಣಿಸುವುದು ಮ್ಯಾಟೆಲ್ ಕಚೇರಿಯ ಮಹಡಿಯೊಂದರ ಅಡುಗೆಮನೆಯಲ್ಲಿ. ತಪ್ಪಿಸಿಕೊಂಡು ಓಡಿಬಂದ ಬಾರ್ಬಿಗೆ ಆಕೆ ಅಲ್ಲಿ ಆಸರೆ ನೀಡುತ್ತಾಳೆ. ನಿಜಜೀವನದ ರೂತ್ ಅವರಿಗೆ ಗೃಹಿಣಿಯ ಬದುಕು ಬೇಸರ ತಂದಿತ್ತು. ಅವರ ನೆಲೆ ಅಡುಗೆಮನೆಯಲ್ಲ, ವ್ಯಾಪಾರದ ಮಾತುಕತೆಯ ಮೇಜು. ಚಿತ್ರದ ಕಥೆಯಲ್ಲಿ ಲಿಲಿಗೆ ಸ್ಥಾನವಿಲ್ಲ. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮತ್ತು ಕಾನೂನಿನ ತೊಡಕು ಎರಡನ್ನೂ ಪಾತ್ರವೇ ಹಾಸ್ಯದ ಧಾಟಿಯಲ್ಲಿ ಪ್ರಸ್ತಾಪಿಸುತ್ತದೆ. ಆದರೆ ಅಲ್ಲಿ ತೆರಿಗೆ ವಂಚನೆ ಎಂದಿರುವುದು ವಾಸ್ತವದಲ್ಲಿ ಷೇರುದಾರರಿಗೆ ನೀಡಿದ ಸುಳ್ಳು ಲೆಕ್ಕದ ಪ್ರಕರಣ. ಚಿತ್ರ ನೋಡಿ ರೂತ್ ಅವರ ಬಗ್ಗೆ ಬರೆಯುವವರಲ್ಲಿ ಈ ತಪ್ಪು ಸಾಮಾನ್ಯವಾಗಿ ನುಸುಳುತ್ತದೆ.

ಕೊನೆಯ ಭಾಗದಲ್ಲಿ ಗೊಂಬೆಗೆ ಮನುಷ್ಯಳಾಗುವ ದಾರಿ ತೋರಿಸುವುದೂ ರೂತ್ ಪಾತ್ರವೇ. ಮನುಷ್ಯಳಾದ ಬಾರ್ಬಿ ಸ್ತ್ರೀರೋಗ ತಜ್ಞರ ಚಿಕಿತ್ಸಾಲಯಕ್ಕೆ ಹೋಗಿ ಅಲ್ಲಿ ತನ್ನ ಹೆಸರನ್ನು ಬಾರ್ಬರಾ ಹ್ಯಾಂಡ್ಲರ್ ಎಂದು ಹೇಳುತ್ತಾಳೆ. ಗೊಂಬೆಗೆ ಹೆಸರು ಕೊಟ್ಟ ಮಗಳ ಹುಟ್ಟುಹೆಸರೂ ಅದೇ.