ಸಿ. ರಂಗಾಚಾರ್ಲು

ಚೆಟ್ಟಿಪುಣ್ಯಂ ವೀರವಲ್ಲಿ ರಂಗಾಚಾರ್ಲು (1831 – 20 ಜನವರಿ 1883) ಮೈಸೂರು ಸಂಸ್ಥಾನದ ದಿವಾನರು. ರೈಲುಮಾರ್ಗಗಳ ವಿಸ್ತರಣೆಗೆ ಒತ್ತುಕೊಟ್ಟ ಇವರು ಪ್ರಜಾಪ್ರತಿನಿಧಿ ಸಭೆಯ ಸ್ಥಾಪಕರೆಂದು ಪ್ರಸಿದ್ಧರು.

ಹಿನ್ನೆಲೆ

ಇಂದಿನ ತಮಿಳುನಾಡಿಗೆ ಸೇರಿದ ಚೆಂಗಲ್ಪಟ್ಟು ಪ್ರಾಂತದಲ್ಲಿ ಜನಿಸಿದ ಇವರು ಮದರಾಸು ಸರ್ಕಾರದ ಸೇವೆಯಿಂದ ಮೈಸೂರಿಗೆ ಬಂದರು. 1881ರ ಮಾರ್ಚ್ 25ರಂದು ಬ್ರಿಟಿಷರು ಆಡಳಿತವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸಿದಾಗ ದಿವಾನರಾದರು. 1876–78ರ ಕ್ಷಾಮದಿಂದ ಸಂಸ್ಥಾನವು ಅಪಾರ ಪ್ರಾಣಹಾನಿಯನ್ನು ಕಂಡು, 80 ಲಕ್ಷ ರೂಪಾಯಿಗಳ ಸಾಲದಲ್ಲಿತ್ತು.

ರೈಲುಮಾರ್ಗ ಮತ್ತು ಜನಾಭಿಪ್ರಾಯ

ಕ್ಷಾಮಕಾಲದಲ್ಲಿ ಒಳನಾಡಿಗೆ ಧಾನ್ಯ ಸಾಗಿಸುವುದೇ ದುಸ್ತರವಾಗಿತ್ತು. ಸಾಲದ ಹೊರೆಯ ನಡುವೆಯೂ ರಂಗಾಚಾರ್ಲು ರೈಲುಮಾರ್ಗಗಳನ್ನು ಕೈಬಿಡಲಿಲ್ಲ. ಬೆಂಗಳೂರು–ಮೈಸೂರು ಮಾರ್ಗವು 1882ರಲ್ಲಿ ಪೂರ್ಣಗೊಂಡಿತು. ಇಂತಹ ವೆಚ್ಚದ ಭಾರ ಹೊರುವ ಪ್ರಜೆಗಳಿಗೆ ಆಡಳಿತದ ಉದ್ದೇಶಗಳು ತಿಳಿಯಬೇಕೆಂಬುದು ಇವರ ನಿಲುವಾಗಿತ್ತು. ರೈತರು, ಜಮೀನುದಾರರು ಹಾಗೂ ವರ್ತಕರನ್ನೊಳಗೊಂಡ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲು ಸೇರಿತು. ದಿವಾನರು ಆದಾಯ, ವೆಚ್ಚ, ಕಾಮಗಾರಿಗಳನ್ನು ವಿವರಿಸುತ್ತಿದ್ದರು. ಸದಸ್ಯರು ತಮ್ಮ ಸೀಮೆಯ ಕುಂದುಕೊರತೆಗಳನ್ನು ಮುಂದಿಡುತ್ತಿದ್ದರು. ಸಭೆಗೆ ಶಾಸನಾಧಿಕಾರವಿರಲಿಲ್ಲ, ಅದರ ಸಲಹೆಗಳನ್ನು ಸರ್ಕಾರ ಒಪ್ಪಲೇಬೇಕೆಂಬ ನಿಯಮವೂ ಇರಲಿಲ್ಲ. ಆದರೂ ಅಧಿಕಾರಿಗಳು ಪ್ರಜೆಗಳೆದುರು ಲೆಕ್ಕ ಒಪ್ಪಿಸುವ ಪದ್ಧತಿ ಇದರಿಂದ ಆರಂಭವಾಯಿತು.

ನಂತರದ ಪರಿಣಾಮ

ಇವರ ಉತ್ತರಾಧಿಕಾರಿ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1889ರಲ್ಲಿ, ಮೈಸೂರು ಸೀಮೆಯ ಮಾರ್ಗವು ಹರಿಹರ ತಲುಪಿ ಹುಬ್ಬಳ್ಳಿ, ಗದಗ ಕಡೆಯ ಮಾರ್ಗಗಳೊಡನೆ ಕೂಡಿತು. ಮೈಸೂರಿನ ಪುರಭವನವು ರಂಗಾಚಾರ್ಲು ಅವರ ಸ್ಮಾರಕವಾಗಿದೆ.