ಲಿವರ್‌ಪೂಲಿನ ಹುಡುಗ ಸುರಪುರದಲ್ಲಿ ‘ಅಪ್ಪ’ ಆದ: ಟೇಲರ್ ಸಾಹೇಬರ ಕಥೆ

ಸುರಪುರ: ಗುಡ್ಡದ ಮೇಲಿನ ಟೇಲರ್ ಮಂಜಿಲ್ ಗೊತ್ತಿಲ್ಲ ಅನ್ನೋರು ನಮ್ಮೂರಲ್ಲಿ ಸಿಗೋದು ಕಷ್ಟ. ಈಗ ಅದು ಸರ್ಕಾರಿ ಅತಿಥಿಗೃಹ. ಆದರೆ ಅದನ್ನ ಕಟ್ಟಿಸಿದ ಮನುಷ್ಯ ಎಲ್ಲಿಂದ ಬಂದ, ಇಲ್ಲಿ ಹೆಂಗೆ ಬದುಕಿದ ಅಂತ ಕೇಳಿದ್ರೆ ಬಹಳ ಮಂದಿ ಇಂಗ್ಲಿಷ್ ಸಾಹೇಬ ಅಂತ ಹೇಳಿ ಸುಮ್ಮನಾಗ್ತಾರೆ. ಇವತ್ತು ನಮ್ಮ ಕಡೆ ಹುಡುಗರು ಕೆಲಸಕ್ಕೆ ಅಂತ ದುಬೈಗೆ, ಸೌದಿಗೆ ಹೋಗ್ತಾರೆ. ಇನ್ನೂರು ವರ್ಷದ ಹಿಂದೆ ಫಿಲಿಪ್ ಮೆಡೋಸ್ ಟೇಲರ್ ಕೂಡ ಹಂಗೇ ದುಡಿಯೋಕೆ ಅಂತ ಊರು ಬಿಟ್ಟ ಹುಡುಗ. ಬಂದಿದ್ದು ಮಾತ್ರ ಈ ಕಡೆಗೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಬಿದ್ದುಹೋಯಿತು, ಮನೆ ಕಷ್ಟಕ್ಕೆ ಬಂತು. 1824ರಲ್ಲಿ, ಹದಿನೈದರ ವಯಸ್ಸಿಗೆ, ಹುಡುಗನನ್ನ ಬಾಂಬೆಯ ಹಡಗು ಹತ್ತಿಸಿದರು. ಅಲ್ಲಿ ಬ್ಯಾಕ್ಸ್ಟರ್ ಅನ್ನೋ ವ್ಯಾಪಾರಿಯ ಹತ್ತಿರ ಕೆಲಸ, ಮುಂದೆ ಪಾಲುದಾರಿಕೆ ಅಂತ ಮಾತಾಗಿತ್ತು. ತಿಂಗಳುಗಟ್ಟಲೆ ಸಮುದ್ರದಲ್ಲಿ ಬಂದು ಇಳಿದು ನೋಡಿದರೆ ದೊಡ್ಡ ಕಂಪನಿ ಅಂದಿದ್ದು ದಿವಾಳಿ ಅಂಚಿಗೆ ಬಂದ ಅಂಗಡಿ! ಏಜೆಂಟನ ಮಾತು ನಂಬಿ ಹೋದವರಿಗೆ ಇದು ಹೊಸ ಕಥೆ ಅಲ್ಲ.

ಬಾಂಬೆ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸಂಬಂಧಿಕರೊಬ್ಬರು ಅದೇ ವರ್ಷ ಹೈದರಾಬಾದ್ ನಿಜಾಮರ ಸೇನೆಯಲ್ಲಿ ಕೆಲಸ ಕೊಡಿಸಿದರು. ಇಲ್ಲೊಂದು ಮಾತು ತಿಳ್ಕೋಬೇಕು. ಟೇಲರ್ ಈಸ್ಟ್ ಇಂಡಿಯಾ ಕಂಪನಿಯ ಖಾಯಂ ನೌಕರ ಅಲ್ಲ, ನಿಜಾಮರ ಪಗಾರದ ಮನುಷ್ಯ. ಕಂಪನಿಯ ಸಾಹೇಬರ ಲೆಕ್ಕದಲ್ಲಿ ಇಂಥವರು ಒಂದು ಮೆಟ್ಟಿಲು ಕೆಳಗೆ. ನಮ್ಮವರ ಕಣ್ಣಿಗೆ ಬಿಳಿ ಸಾಹೇಬ, ಬಿಳಿಯರ ಕಣ್ಣಿಗೆ ಹೊರಗಿನವ. ಬಹುಶಃ ಅದಕ್ಕೇ ಇರಬೇಕು, ಅವರು ಈ ನಾಡಿನ ಮಂದಿ ಜೊತೆ ಬೆರೆತಷ್ಟು ಬೇರೆ ಸಾಹೇಬರು ಬೆರೆಯಲಿಲ್ಲ.

ಶಾಲೆ ಅರ್ಧಕ್ಕೇ ಬಿಟ್ಟಿದ್ದರೂ ಕಲಿಯೋದು ಬಿಡಲಿಲ್ಲ. ಹಿಂದೂಸ್ತಾನಿ ಕಲಿತರು, ಮರಾಠಿ ಕಲಿತರು, ಪರ್ಷಿಯನ್ ಕಲಿತರು. ಇಪ್ಪತ್ತು ತುಂಬೋ ಮೊದಲೇ ಪೊಲೀಸ್ ಕೆಲಸಕ್ಕೆ ನಿಜಾಮರ ಹಳ್ಳಿಗಳನ್ನ ಸುತ್ತಿದರು. ಜಮೀನು ಅಳೆಯೋದು, ಕಾನೂನು, ರಸ್ತೆ ಮತ್ತು ಕಟ್ಟಡದ ಕೆಲಸ ಎಲ್ಲವನ್ನೂ ತಾವೇ ಪುಸ್ತಕ ಓದಿ ಕಲಿತವರು. 1832ರಲ್ಲಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನ ಮದುವೆಯಾದರು. ಪಾಮರ್ ಅವರ ತಾಯಿ ಫೈಜ್ ಬಕ್ಷ್ ಬೇಗಂ, ಈ ದೇಶದ ಮುಸ್ಲಿಂ ಮನೆತನದವರು. ಅಂದ್ರೆ ಟೇಲರ್ ಹೆಂಡತಿಯ ಅಜ್ಜಿ ಇಲ್ಲಿಯವರೇ.

ರಜೆ ಮೇಲೆ ಇಂಗ್ಲೆಂಡಿಗೆ ಹೋದಾಗ, 1839ರಲ್ಲಿ ಠಕ್ಕರ ಮೇಲಿನ ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಥಗ್’ ಪ್ರಕಟ ಆಯ್ತು. ರಾಣಿ ವಿಕ್ಟೋರಿಯಾ ಕೂಡ ಓದಿದರು. ಲಂಡನ್ನಿನಲ್ಲಿ ಹೆಸರು ಬಂತು. ಅಲ್ಲೇ ಉಳೀಬಹುದಿತ್ತು. ಆದ್ರೆ ವಾಪಸ್ ಬಂದರು, 1841ರಲ್ಲಿ ಸುರಪುರಕ್ಕೆ ನೇಮಕ ಆಯ್ತು.

ಆಗಿನ ಸುರಪುರ ಅಂದ್ರೆ ಬೇಡರ ನಾಯಕರ ಸಂಸ್ಥಾನ. ಔರಂಗಜೇಬನ ಸೇನೆಯನ್ನೇ ವಾಗಣಗೇರಿಯಲ್ಲಿ ತಡೆದು ನಿಲ್ಲಿಸಿದ ಮನೆತನ. ಆದರೆ 1841ರ ಹೊತ್ತಿಗೆ ಖಜಾನೆ ಖಾಲಿ, ನಿಜಾಮರಿಗೆ ಕೊಡಬೇಕಾದ ಕಪ್ಪದ ಬಾಕಿ ಬೆಟ್ಟದಷ್ಟು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು, ಮಗ ವೆಂಕಟಪ್ಪ ಇನ್ನೂ ಸಣ್ಣ ಹುಡುಗ. ಅಧಿಕಾರ ಯಾರ ಕೈಲಿ ಅನ್ನೋದಕ್ಕೆ ತಾಯಿ ರಾಣಿ ಈಶ್ವರಮ್ಮ ಮತ್ತು ಚಿಕ್ಕಪ್ಪ ಪಿಡ್ಡ ನಾಯಕರ ನಡುವೆ ತಕರಾರು. ಎರಡೂ ಕಡೆ ಆಯುಧ ಹಿಡಿದ ಮಂದಿ. ಇದರ ನಡುವೆ ಮೂವತ್ಮೂರು ವರ್ಷದ ಟೇಲರ್ ಬಂದು ಇಳಿದರು. ಯಾದಗಿರಿಗೆ ಆಗ ರೈಲು ಇರಲಿಲ್ಲ, ಹೈದರಾಬಾದಿನಿಂದ ಸಹಾಯ ಬರಬೇಕಂದ್ರೆ ದಿನಗಟ್ಟಲೆ ಕಾಯಬೇಕು. ರಾಣಿಗೆ ಈ ಸಾಹೇಬ ಬಂದಿದ್ದು ಸ್ವಲ್ಪವೂ ಇಷ್ಟ ಇರಲಿಲ್ಲ. ತಮ್ಮ ಮಗನ ರಾಜ್ಯದ ಲೆಕ್ಕ ಕೇಳೋಕೆ ಪರದೇಶಿ ಬಂದರೆ ಯಾವ ತಾಯಿಗೆ ಇಷ್ಟ ಆಗುತ್ತೆ? ಟೇಲರ್ ತಮ್ಮ ಪುಸ್ತಕದಲ್ಲಿ ರಾಣಿ ಬಗ್ಗೆ ಒಳ್ಳೆಯ ಮಾತು ಬರೆದಿದ್ದು ಕಡಿಮೆ. ಅದನ್ನ ಪೂರ್ತಿ ಒಪ್ಪಬೇಕು ಅಂತೇನಿಲ್ಲ. ಬರೆದಿದ್ದು ಒಂದೇ ಕಡೆಯವರು.

ಆಮೇಲೆ ದಿನದ ಬದುಕು ಶುರು. ಮೊದಲು ಡೇರೆ, ಆಮೇಲೆ ಗುಡ್ಡದ ಮೇಲೆ ಬಂಗಲೆ. ಬಾಕಿ ತೀರಿಸೋ ದಾರಿ ಹುಡುಕೋದು, ಹಳ್ಳಿಗಳ ಜಮೀನಿನ ಲೆಕ್ಕ ಸರಿ ಮಾಡೋದು, ಜಗಳ ಬಗೆಹರಿಸೋದು, ಇದೇ ಕೆಲಸ. ರಾಜಾ ಪಾಮ ನಾಯಕರ ಕಾಲದ ಬೋನಾಳ ಕೆರೆಯನ್ನ ಸುಧಾರಿಸಿದರು. ಇವತ್ತು ಹಕ್ಕಿ ನೋಡೋಕೆ ಮಂದಿ ಹೋಗ್ತಾರಲ್ಲ, ಅದೇ ಕೆರೆ. ಮೆಡೋಸ್ ಅನ್ನೋ ಹೆಸರು ಜನರ ಬಾಯಲ್ಲಿ ಮಹಾದೇವ ಆಯ್ತು, ಸಾಹೇಬರು ‘ಮಹಾದೇವ ಬಾಬಾ’ ಆದರು.

ಹೊರಗೆ ಹಿಂಗಿದ್ದರೂ ಒಳಗೆ ಒಂಟಿ. 1844ರಲ್ಲಿ ಮೇರಿ ತೀರಿಕೊಂಡರು. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿ ಬೆಳೆದರು. ಪತ್ರ ಹೋಗಿ ಉತ್ತರ ಬರೋಕೆ ತಿಂಗಳುಗಳು. ಸಂಜೆ ಹೊತ್ತು ಚಿತ್ರ ಬರೆಯೋದು, ಓದೋದು, ಬರೆಯೋದು. 1840ರಿಂದ 1853ರವರೆಗೆ ಅವರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದ ವರದಿಗಾರರೂ ಹೌದು. ಆ ಲೆಕ್ಕದಲ್ಲಿ ಸುರಪುರದ ಮೊದಲ ಸ್ಟ್ರಿಂಗರ್ ಅಂತ ಅವರನ್ನೇ ಕರೀಬಹುದು!

ಕುದುರೆ ಮೇಲೆ ಹಳ್ಳಿ ಸುತ್ತುವಾಗ ಅವರ ಕಣ್ಣಿಗೆ ಬಿದ್ದಿದ್ದು ಕಲ್ಲುಗಳು. ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಮನೆಗಳು, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಜೋಡಿಸಿದ ಗುಂಡುಗಳು. ದನ ಕಾಯೋರು ದಿನಾ ನೋಡಿ ಸುಮ್ಮನಾಗೋ ಜಾಗ. ಟೇಲರ್ ಅಳತೆ ತಗೊಂಡರು, ನಕ್ಷೆ ಬರೆದರು. ಜೇವರ್ಗಿಯಲ್ಲಿ ಇಂಥ ಗೋರಿಗಳನ್ನ ಅಗೆಸಿ, ಸಿಕ್ಕ ಎಲುಬು, ಮಡಕೆಗಳ ಬಗ್ಗೆ 1850ರ ದಶಕದಲ್ಲಿ ಬಾಂಬೆಯ ವಿದ್ವತ್ ಪತ್ರಿಕೆಗೆ ಬರೆದರು. ನಮ್ಮ ಕಡೆಯ ಹಳೆಗಾಲದ ಗೋರಿಗಳು ಹೊರಗಿನ ಜಗತ್ತಿಗೆ ಗೊತ್ತಾಗಿದ್ದು ಹಿಂಗೆ.

ಇಷ್ಟರಲ್ಲಿ ಹುಡುಗ ವೆಂಕಟಪ್ಪ ಬೆಳೀತಾ ಇದ್ದ. ಟೇಲರ್ ಅವನಿಗೆ ಇಂಗ್ಲಿಷ್ ಕಲಿಸಿದರು, ರಾಜ್ಯದ ಕೆಲಸ ತಿಳಿಸಿದರು. ಅವನು ಅವರನ್ನ ಅಪ್ಪ ಅಂತ ಕರೆದ. ತನ್ನ ಮಕ್ಕಳಿಂದ ದೂರ ಇದ್ದ ಮನುಷ್ಯನಿಗೆ, ತಂದೆ ಇಲ್ಲದ ಹುಡುಗ. 1853ರಲ್ಲಿ ರಾಜ್ಯವನ್ನ ಅವನ ಕೈಗೆ ಕೊಟ್ಟು ಟೇಲರ್ ನಳದುರ್ಗದ ಕಡೆ ಹೊಸ ಕೆಲಸಕ್ಕೆ ಹೋದರು.

ಐದು ವರ್ಷ ಆಗೋದರೊಳಗೆ ದಂಗೆ. ನಾಲ್ವಡಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತರು. 1858ರ ಫೆಬ್ರವರಿ 8ರಂದು ಸುರಪುರದಲ್ಲಿ ಕಾಳಗ ಆಯ್ತು, ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜರು ಹೈದರಾಬಾದಿಗೆ ಹೋದರು, ಅಲ್ಲಿ ಸಾಲಾರ್ ಜಂಗ್ ಹಿಡಿಸಿಕೊಟ್ಟರು. ಆಗ ಬೇರಾರಿನಲ್ಲಿದ್ದ ಟೇಲರ್ ಅವರನ್ನ ಕರೆಸಿದರು. ಜೈಲಿನಲ್ಲಿ ಇಬ್ಬರ ಭೇಟಿ. ಅಪ್ಪ ಅಂತ ಕರೆದವನನ್ನ ಬೇಡಿಯಲ್ಲಿ ನೋಡಬೇಕಾಯ್ತು. ಕುಮ್ಮಕ್ಕು ಕೊಟ್ಟವರ ಹೆಸರು ಹೇಳಿದರೆ ಶಿಕ್ಷೆ ಕಡಿಮೆ ಆದೀತು ಅಂದಾಗ ರಾಜರು ಬಾಯಿ ಬಿಡಲಿಲ್ಲ. ನೇಣಿಗೆ ಮಾತ್ರ ಹಾಕಬೇಡಿ, ಕಳ್ಳನ ಸಾವು ತನಗೆ ಬೇಡ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಅಂತ ಕೇಳಿಕೊಂಡರು. ಟೇಲರ್ ಅವರ ಪರವಾಗಿ ಬೇಡಿಕೊಂಡರು ನಿಜ. ಆದರೆ ಸಂಬಳ, ಹುದ್ದೆ, ನಿಷ್ಠೆ ಎಲ್ಲಾ ಆ ಕಡೆಯದು. ಹನ್ನೆರಡು ವರ್ಷ ಇಲ್ಲಿ ಬೇರು ಬಿಟ್ಟರೂ ಕೊನೆಗೆ ನಿಂತಿದ್ದು ಸರ್ಕಾರದ ಕಡೆಗೇ. ಇದನ್ನ ಮುಚ್ಚಿಟ್ಟು ಅವರ ಕಥೆ ಹೇಳೋಕಾಗಲ್ಲ.

ಮರಣದಂಡನೆ ಮೊದಲು ಗಡೀಪಾರಾಗಿ, ಆಮೇಲೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅಲ್ಲಿಗೆ ಮುಟ್ಟಲಿಲ್ಲ. ದಾರಿಯಲ್ಲೇ ರಾಜರು ಗುಂಡಿಗೆ ಬಲಿಯಾದರು. ತಾವೇ ಹಾರಿಸಿಕೊಂಡರು ಅನ್ನೋದು ಸರ್ಕಾರಿ ವರದಿ, ನಮ್ಮೂರಲ್ಲಿ ಅದನ್ನ ಒಪ್ಪದವರು ಇದ್ದಾರೆ. ಟೇಲರ್ ಅದೇ ವರ್ಷ ಸುರಪುರಕ್ಕೆ ಮತ್ತೆ ಬಂದರು. ಬಂಗಲೆ ಇತ್ತು, ಕೆರೆ ಇತ್ತು, ಹುಡುಗ ಇರಲಿಲ್ಲ. ಮುಂದೆ ಸಂಸ್ಥಾನ ನಿಜಾಮರ ಪಾಲಾಯಿತು.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಇಂಗ್ಲೆಂಡಿಗೆ ಹೋದರು. ಅಲ್ಲಿ ಕೂತು ಬರೆದಿದ್ದೂ ಈ ನಾಡಿನ ಕಥೆಗಳನ್ನೇ, ತಾರಾ, ಸೀತಾ, ಬಿಜಾಪುರದ ಚಾಂದ್ ಬೀಬಿ. ಕಣ್ಣು ಮಂಜಾದರೂ 1875ರಲ್ಲಿ ಹೈದರಾಬಾದಿಗೆ ಮತ್ತೊಮ್ಮೆ ಬಂದರು. ವಾಪಸ್ ಹೋಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂತೋನ್ ಊರಿನಲ್ಲಿ ತೀರಿಕೊಂಡರು. ಆತ್ಮಕಥೆಯನ್ನ ಮರುವರ್ಷ ಮಗಳು ಆಲಿಸ್ ಅಚ್ಚು ಹಾಕಿಸಿದರು. ಸುರಪುರದ ಆ ಹನ್ನೆರಡು ವರ್ಷ ಅದರಲ್ಲಿ ಅಧ್ಯಾಯಗಟ್ಟಲೆ ಇದೆ.