ಒಡೆದ ಚಿಪ್ಪನ್ನು ಹಕ್ಕಿ ಗೂಡಿನಿಂದ ಎಸೆಯುವುದು ಚೊಕ್ಕಟಕ್ಕಾಗಿಯೇ? ಉತ್ತರ ಹುಡುಕಿದ ಟಿನ್‌ಬರ್ಗೆನ್

ಮರಿ ಹೊರಬಂದ ಮೇಲೆ ಹಲವು ಹಕ್ಕಿಗಳು ಒಡೆದ ಮೊಟ್ಟೆಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ದೂರ ಎಸೆಯುತ್ತವೆ. ಗೂಡು ಚೊಕ್ಕಟವಾಗಿರಲೆಂದು ಹೀಗೆ ಮಾಡುತ್ತವೆ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಇದರ ಹಿಂದೆ ಮರಿಗಳ ಜೀವದ ಪ್ರಶ್ನೆಯೇ ಇದೆ ಎಂದು ಪ್ರಯೋಗ ಮಾಡಿ ತೋರಿಸಿದವರು ನಿಕೋ ಟಿನ್‌ಬರ್ಗೆನ್.

1907ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಹುಟ್ಟಿದ ಅವರು ಲೈಡನ್ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲೇ ಪಾಠ ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ಅದನ್ನು ಪ್ರತಿಭಟಿಸಿದ ಟಿನ್‌ಬರ್ಗೆನ್ ಸುಮಾರು ಎರಡು ವರ್ಷ ಒತ್ತೆಯಾಳುಗಳ ಶಿಬಿರದಲ್ಲಿ ಇರಬೇಕಾಯಿತು. 1949ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೇರಿದರು.

ಅಲ್ಲಿಂದ ಅವರ ತಂಡ ರೇವನ್‌ಗ್ಲಾಸ್‌ನ ಮರಳುದಿಬ್ಬಗಳಿಗೆ ಹೋಗಿ, ನೆಲದ ಮೇಲೆ ಗೂಡು ಕಟ್ಟುವ ಕಪ್ಪುತಲೆಯ ಕಡಲಹಕ್ಕಿಗಳನ್ನು ಗಮನಿಸಿತು. ಚಳಿಗಾಲದಲ್ಲಿ ನಮ್ಮ ಕರಾವಳಿಗೂ ಬರುವ ಹಕ್ಕಿ ಇದು. ಇದರ ಮೊಟ್ಟೆಯ ಹೊರಮೈ ಚುಕ್ಕೆಚುಕ್ಕೆಯಾಗಿ ನೆಲದ ಬಣ್ಣದಲ್ಲಿ ಕರಗಿಹೋಗುತ್ತದೆ. ಚಿಪ್ಪು ಒಡೆದರೆ ಮಾತ್ರ ಒಳಗಿನ ಬಿಳಿ ಎದ್ದು ಕಾಣುತ್ತದೆ.

ತಂಡ ಮೊಟ್ಟೆಗಳನ್ನು ಬಯಲಲ್ಲಿಟ್ಟು, ಒಡೆದ ಚಿಪ್ಪನ್ನು ಬೇರೆಬೇರೆ ದೂರದಲ್ಲಿ ಹಾಕಿತು. ಚಿಪ್ಪು 15 ಸೆಂ.ಮೀ. ದೂರದಲ್ಲಿದ್ದಾಗ ಕಾಗೆ ಮುಂತಾದ ಕಳ್ಳಹಕ್ಕಿಗಳು ನೂರಕ್ಕೆ 42 ಮೊಟ್ಟೆಗಳನ್ನು ಕದ್ದವು. ಒಂದು ಮೀಟರ್ ದೂರವಿದ್ದಾಗ 32, ಎರಡು ಮೀಟರ್ ಇದ್ದಾಗ 21. ಅಂದರೆ ಬಿಳಿ ಚಿಪ್ಪು ಕಳ್ಳರಿಗೆ ದಾರಿ ತೋರಿಸುತ್ತಿತ್ತು!

ಹಾಗಿದ್ದರೆ ಮರಿ ಹೊರಬಂದ ತಕ್ಷಣವೇ ಚಿಪ್ಪನ್ನು ಏಕೆ ಎಸೆಯುವುದಿಲ್ಲ? ಏಕೆಂದರೆ ಅಪಾಯ ಪಕ್ಕದ ಗೂಡಿನಲ್ಲೂ ಇದೆ. ಒದ್ದೆ ಮರಿಯನ್ನು ನೆರೆಯ ಕಡಲಹಕ್ಕಿಯೇ ನುಂಗಿಬಿಡಬಹುದು. ಪುಕ್ಕ ಒಣಗಿ ಉಬ್ಬಿದ ಮರಿಯನ್ನು ನುಂಗುವುದು ಕಷ್ಟ. ಅದಕ್ಕೇ ಅಪ್ಪ ಅಮ್ಮ ಸ್ವಲ್ಪ ಹೊತ್ತು ಕಾಯುತ್ತವೆ. ಇನ್ನು ಕಳ್ಳಹಕ್ಕಿಗಳು ಸುಲಭವಾಗಿ ತಲುಪಲಾಗದ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುವ ಕಿಟಿವೇಕ್ ಎಂಬ ಹಕ್ಕಿ ಚಿಪ್ಪನ್ನು ಸಾಮಾನ್ಯವಾಗಿ ಗೂಡಿನಲ್ಲೇ ಬಿಡುತ್ತದೆ. ಅಪಾಯ ಹೇಗೋ ಆರೈಕೆಯೂ ಹಾಗೆ.

ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಡೆದ ಟಿನ್‌ಬರ್ಗೆನ್ 1988ರಲ್ಲಿ ತೀರಿಕೊಂಡರು.

ನಾವು ಇದರಿಂದ ತಿಳಿಯಬೇಕಾದ್ದೇನು? ಮನುಷ್ಯ ಮುಟ್ಟಿದ ಮರಿಯನ್ನು ವಾಸನೆ ಹಿಡಿದು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ಬಹುತೇಕ ಹಕ್ಕಿಗಳ ವಿಷಯದಲ್ಲಿ ನಿಜವಲ್ಲ. ಕೆಳಗೆ ಬಿದ್ದ ಪುಕ್ಕವಿಲ್ಲದ ಮರಿಯನ್ನು ಗೂಡಿಗೆ ಮರಳಿಸಬಹುದು. ಆದರೆ ಫೋಟೋಗಾಗಿ ಮತ್ತೆಮತ್ತೆ ಗೂಡಿನ ಹತ್ತಿರ ಹೋಗುವುದು, ಮರೆಯಾಗಿರುವ ಎಲೆ ಕೊಂಬೆ ಸರಿಸುವುದು ಬೇಡ. ಹಕ್ಕಿ ಕಷ್ಟಪಟ್ಟು ಅಡಗಿಸಿಟ್ಟದ್ದನ್ನು ನಾವು ಕಾಗೆಗೆ ತೋರಿಸಿಕೊಟ್ಟಂತೆ ಆಗಬಾರದು.